ಕೆರೆ ಸಣ್ಣದಿದ್ದರೂ ಮರಲ್ ದೊಡ್ಡದಿರಬಹುದು

ಪ್ರಶ್ನೆ: ಸರ್, ನಮ್ಮೂರು ಚಿತ್ತಾಪುರ ತಾಲೂಕಿನ್ಯಾಗದ. ಊರ ಕೆರಿ ಹತ್ತು-ಹನ್ನೆರಡು ಎಕರೆ ಇರಬಹುದು. ಅದರ ಬಾಜೂಕ ಫರ್ಸಿ ತೆಗೆದು ಬಿಟ್ಟ ಹಳೇ ಗಣಿ ಒಂದದ, ವರ್ಷಪೂರ್ತಿ ನೀರಿರ್ತದ. ಎರಡು ವರ್ಷದಿಂದ ನಾನು, ನಮ್ಮ ಕಾಕಾನ ಮಗ ಕೂಡಿ ರವಿವಾರ ಗಾಳ ಹಾಕ್ಲಾಕ ಹೋಗ್ತೀವಿ. ಮರಲ್ ಮೀನು ಸಿಗ್ತಾವ, ಆದ್ರ ಎಲ್ಲಾ ಅರ್ಧ ಕಿಲೋದವು. ಹೋದ ವರ್ಷ ಇದೇ ಕೆರ್ಯಾಗ ಬಲಿ ಹಾಕಿದವರಿಗಿ ಮೂರೂವರಿ ಕಿಲೋದ್ದು ಸಿಕ್ಕಿತ್ತು, ನಾನೇ ಕಣ್ಣಾರೆ ನೋಡೀನಿ. ಮೊಬೈಲ್‌ನಾಗ ಅಮೆರಿಕಾದವರು ಸಣ್ಣ ಹೊಂಡದಾಗ ದೊಡ್ಡ ದೊಡ್ಡ ಬಾಸ್ ಮೀನು ಹಿಡಿಯೋ ವಿಡಿಯೋ ನೋಡಿ ಅವರಂಗೇ ರಬ್ಬರ್ ಕಪ್ಪಿ, ರೀಲ್ ತಂದೀವಿ. ಬ್ಯಾಸಿಗ್ಯಾಗ ಅವರು ಹೇಳ್ದಂಗ ನಡುವಿನ ಆಳಕ್ಕ ಒಗೀತೀವಿ, ಏನೂ ಬರಂಗಿಲ್ಲ. ಹಿರಿಯರು ‘ಕೆರಿ ಎಷ್ಟದನೋ ಮೀನು ಅಷ್ಟೇ ಬೆಳೀತದ’ ಅಂತಾರ. ಒಬ್ಬರು ಅಮಾಸಿಗಿ ಹೋಗ್ರಿ ಅಂತಾರ. ಇನ್ನೊಬ್ಬರು, ಮಳಿಗಾಲದಾಗ ಕೆಂಪು ಮರಿಗಳ ಗುಂಪು ಕಂಡಲ್ಲಿ ಗಾಳ ಒಗೀರಿ, ದೊಡ್ಡದು ಬಂದೇ ಬರ್ತದ ಅಂತಾರ. ಖರೇ ಏನದ? ನಮ್ಮ ಹೊಲದ ಕೃಷಿ ಹೊಂಡದಾಗ ದೊಡ್ಡ ಮೀನು ಬೆಳಸ್ಲಾಕ ಬರ್ತದೇನು?

ಉತ್ತರ: ನಿಮ್ಮ ಕೆರೆಯಲ್ಲಿ ದೊಡ್ಡ ಮರಲ್ ಇದೆಯೋ ಇಲ್ಲವೋ ಅನ್ನುವ ಅನುಮಾನವನ್ನು ಬಲೆಯವರೇ ಬಗೆಹರಿಸಿದ್ದಾರೆ. ಮೂರೂವರೆ ಕಿಲೋದ ಮೀನು ಅಲ್ಲಿ ಬೆಳೆದಿತ್ತು. ಹಾಗಾದರೆ ನಮ್ಮ ಗಾಳಕ್ಕೆ ಯಾಕೆ ಬರುವುದಿಲ್ಲ, ತಪ್ಪು ಸಾಮಾನಿನದೋ, ಜಾಗದ್ದೋ, ನಸೀಬಿನದೋ ಎಂಬುದು ನಿಮ್ಮ ನಿಜವಾದ ಚಿಂತೆ. ನಸೀಬನ್ನು ಬದಿಗಿಡಿ. ಸಾಮಾನೂ ಸಾಕಷ್ಟಿದೆ. ನೀವು ಮರಲ್ ಇರುವ ಕೆರೆಯಲ್ಲಿ ಬಾಸ್ ಹುಡುಕುತ್ತಿದ್ದೀರಿ. ತೊಡಕಿರುವುದು ಅಲ್ಲಿ.

ಮೊದಲು ಹಿರಿಯರ ಮಾತು. ಮೀನಿಗೆ ಕೆರೆ ಎಷ್ಟು ಎಕರೆ ಅನ್ನುವುದು ಗೊತ್ತಾಗುವುದಿಲ್ಲ. ಮನುಷ್ಯರ ಹಾಗೆ ಇಪ್ಪತ್ತು ವರ್ಷಕ್ಕೆ ಅದರ ಬೆಳವಣಿಗೆ ನಿಲ್ಲುವುದೂ ಇಲ್ಲ, ಬದುಕಿರುವಷ್ಟು ಕಾಲ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಎಷ್ಟು ಬೆಳೆಯುತ್ತದೆ ಅನ್ನುವುದನ್ನು ತೀರ್ಮಾನಿಸುವುದು ತಿನ್ನಲು ಏನಿದೆ, ತಿನ್ನುವ ಬಾಯಿ ಎಷ್ಟಿವೆ, ಎಷ್ಟು ವರ್ಷ ಬದುಕಲು ಬಿಟ್ಟಿದ್ದಾರೆ ಎಂಬ ಮೂರು ಸಂಗತಿ. ನೀವು ನೋಡುವ ಬಾಸ್ ಮೀನಿನ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿ ಇದೆ. 1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಎಂಬ ಯುವ ರೈತ 22 ಪೌಂಡ್ 4 ಔನ್ಸ್, ಅಂದರೆ ಸುಮಾರು ಹತ್ತು ಕಿಲೋದ ಬಾಸ್ ಹಿಡಿದ. ಅದು ಸಿಕ್ಕಿದ್ದು ಮಾಂಟ್‌ಗೊಮೆರಿ ಲೇಕ್‌ನಲ್ಲಿ. ಹೆಸರಿಗೆ ಲೇಕ್, ನಿಜಕ್ಕೂ ಅದು ಆಕ್ಮುಲ್ಗಿ ನದಿ ಹರಿವು ಬದಲಿಸಿ ಬಿಟ್ಟುಹೋದ ಒಂದು ಹಳೆಯ ತಿರುವು. 77 ವರ್ಷಗಳ ನಂತರ, 2009ರ ಜುಲೈ 2ರಂದು, ಮನಾಬು ಕುರಿತಾ ಎಂಬವರು ಜಪಾನಿನ ಅತಿದೊಡ್ಡ ಸರೋವರವಾದ ಬಿವಾದಲ್ಲಿ ಹಿಡಿದ ಬಾಸ್ ಕೂಡ ಹೆಚ್ಚುಕಡಿಮೆ ಅಷ್ಟೇ ತೂಕದ್ದು. ಎರಡೂ ದಾಖಲೆಗಳನ್ನು ಸಮ ಎಂದೇ ಹಿಡಿಯಲಾಗಿದೆ. ಬಿಟ್ಟುಹೋದ ತಿರುವಿನ ನೀರೂ ದೇಶದ ಅತಿದೊಡ್ಡ ಸರೋವರವೂ ಒಂದೇ ತೂಕದ ಮೀನನ್ನು ಕೊಟ್ಟಿವೆ.

ಆದರೂ ಹಿರಿಯರ ಮಾತಿನ ಹಿಂದೆ ಅನುಭವ ಇದೆ. ಜಿಲೇಬಿ ಮೀನು ತುಂಬಿಕೊಂಡ ಹೊಂಡಗಳನ್ನು ಅವರು ನೋಡಿರುತ್ತಾರೆ. 1952ರಲ್ಲಿ ನಮ್ಮ ದೇಶಕ್ಕೆ ಬಂದ ಈ ತಿಲಾಪಿಯಾ ಕೆಲವೇ ತಿಂಗಳಿಗೆ ಮರಿ ಹಾಕಲು ಶುರುಮಾಡುತ್ತದೆ. ಹೊಂಡ ತುಂಬ ಬಾಯಿಗಳಾಗಿ, ತಿನ್ನಲು ಸಾಲದೆ, ಎಲ್ಲವೂ ಅಂಗೈ ಅಗಲಕ್ಕೇ ನಿಂತುಬಿಡುತ್ತವೆ. ನೋಡಿದವರಿಗೆ ಹೊಂಡ ಸಣ್ಣದು, ಅದಕ್ಕೇ ಮೀನು ಸಣ್ಣದು ಅನ್ನಿಸುತ್ತದೆ. ಅವನ್ನು ಕುಗ್ಗಿಸಿದ್ದು ಗುಂಪು.

ಇದನ್ನು ಅಮೆರಿಕದ ಅಲಬಾಮಾ ರಾಜ್ಯದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಎಂಬ ವಿಜ್ಞಾನಿ 1930ರ ದಶಕದಿಂದ ಹೊಂಡಗಳಲ್ಲಿ ಅಧ್ಯಯನ ಮಾಡಿದರು. ಬಾಸ್ ಬೇಟೆಗಾರ ಮೀನು, ಬ್ಲೂಗಿಲ್ ಅದರ ಆಹಾರ. ಬಾಸ್ ಹೆಚ್ಚಾದ ಹೊಂಡದಲ್ಲಿ ಬಾಸ್‌ಗಳೆಲ್ಲ ಒಂದೇ ಸಣ್ಣ ಗಾತ್ರಕ್ಕೆ ನಿಲ್ಲುತ್ತವೆ. ಬಾಸ್ ಕಡಿಮೆ ಇದ್ದು ಆಹಾರದ ಮೀನು ಕಿಕ್ಕಿರಿದಿದ್ದರೆ, ಇರುವ ನಾಲ್ಕಾರು ಬಾಸ್ ದಷ್ಟಪುಷ್ಟವಾಗುತ್ತವೆ. ಈ ಲೆಕ್ಕ ಮರಲ್‌ಗೂ ಸಲ್ಲುತ್ತದೆ, ನಿಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಮುಂದಿನ ಸಲ ಅರ್ಧ ಕಿಲೋದ ಮರಲ್ ಸಿಕ್ಕಾಗ ತೂಕ ನೋಡಿ ಸುಮ್ಮನಾಗಬೇಡಿ, ಮೈ ನೋಡಿ. ತಲೆ ದೊಡ್ಡದು, ತಲೆಯ ಹಿಂದೆ ಮೈ ಸೊರಗಿ ಬಾಲದ ಕಡೆ ಸಪೂರವಾಗಿದ್ದರೆ ಅದು ಹಸಿದ ಮೀನು, ಕೆರೆಯಲ್ಲಿ ಮರಲ್ ಗಿಜಿಗುಡುತ್ತಿವೆ ಎಂದರ್ಥ. ಆಗ ಅರ್ಧ ಕಿಲೋದವನ್ನು ಸಂಕೋಚವಿಲ್ಲದೆ ಮನೆಗೆ ಒಯ್ಯಿರಿ, ಉಳಿದವಕ್ಕೆ ಕೂಳು ಹೆಚ್ಚುತ್ತದೆ. ಬೆನ್ನು ತುಂಬಿಕೊಂಡು ಹೊಟ್ಟೆ ಗಟ್ಟಿ ಇದ್ದರೆ ಅದು ಬೆಳೆಯುತ್ತಿರುವ ಎಳೆ ಮೀನು, ಅದರ ಹಿರೀಕರು ಅಲ್ಲೇ ಎಲ್ಲೋ ಇದ್ದಾರೆ.

ಇನ್ನು ವಯಸ್ಸು. ಕಲಬುರಗಿ, ಬೀದರ, ಯಾದಗಿರಿ, ಈ ನಮ್ಮ ಮೂರು ಜಿಲ್ಲೆಗಳ ಊರ ಕೆರೆಗಳಲ್ಲಿ ಬಹಳಷ್ಟು ಮೇ ತಿಂಗಳಿಗೆ ಬತ್ತುತ್ತವೆ. ಕೆಸರಿನಲ್ಲಿ ಹೂತು, ತೇವ ಇರುವಷ್ಟು ದಿನ ಜೀವ ಹಿಡಿದಿರುವ ಶಕ್ತಿ ಮರಲ್‌ಗೆ ಇದೆ. ಆದರೆ ಕೆರೆ ಬತ್ತಿದಾಗ ಊರೆಲ್ಲ ಸಲಿಕೆ ಹಿಡಿದು ಇಳಿಯುತ್ತದೆ, ದೊಡ್ಡದೇ ಮೊದಲು ಕೈಗೆ ಸಿಗುತ್ತದೆ. ಹಾಗಾಗಿ ಗಾಳ ಹಾಕುವ ಮುಂಚೆ ಕೆರೆ ಕೊನೆಯ ಸಲ ಯಾವ ವರ್ಷ ಬತ್ತಿತು, ಬಲೆ ಎಳೆದದ್ದು ಯಾವಾಗ ಎಂದು ದನ ಕಾಯುವವರನ್ನು ಕೇಳಿ. ನಾಲ್ಕೈದು ವರ್ಷ ಬತ್ತದ ಹತ್ತೆಕರೆ ಕೆರೆ, ಹೋದ ವರ್ಷ ಬತ್ತಿದ ನೂರೆಕರೆಗಿಂತ ಮೇಲು. ನಾನು ಮೀನು ಸಾಕಣೆ ಸಲಹೆಯ ಕೆಲಸದಲ್ಲಿ ಆಳಂದದಿಂದ ಸುರಪುರದವರೆಗೆ ತಿರುಗಿದವನು. ದೊಡ್ಡ ಮರಲ್ ಬಗ್ಗೆ ನನಗೆ ಸರಿಯಾದ ಸುಳಿವು ಕೊಟ್ಟವರು ಹೆಚ್ಚಾಗಿ ಎಮ್ಮೆ ಮೈ ತೊಳೆಸುವವರು. ಅವರು ದಿನಾ ನೀರು ನೋಡುತ್ತಾರೆ.

ಈಗ ಬಾಸ್‌ಗೂ ಮರಲ್‌ಗೂ ಇರುವ ವ್ಯತ್ಯಾಸಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಎರಡೂ ಹೊಂಚುಹಾಕಿ ಹಿಡಿಯುವ ಮೀನುಗಳೇ. ಎರಡಕ್ಕೂ ಜೊಂಡು, ತಾವರೆ ಎಲೆ, ಮುಳುಗಿದ ಜಾಲಿ ಗಿಡದ ಆಸರೆ ಬೇಕು. ಕಪ್ಪೆಯ ಆಕಾರದ ರಬ್ಬರ್ ಎರಡನ್ನೂ ಕೆಣಕುತ್ತದೆ. ಅಲ್ಲಿಯವರೆಗೆ ವಿಡಿಯೋ ಸರಿ. ಆದರೆ ಬಾಸ್ ಕಿವಿರಿನಿಂದಲೇ ಉಸಿರಾಡುತ್ತದೆ, ನೀರಿನಲ್ಲಿ ಕರಗಿದ ಆಮ್ಲಜನಕ ಎಲ್ಲಿದೆಯೋ ಅಲ್ಲೇ ಇರಬೇಕು. ಬೇಸಿಗೆಯಲ್ಲಿ ಮೇಲಿನ ನೀರು ಕಾದಾಗ ತಂಪು ಹುಡುಕಿ ಸ್ವಲ್ಪ ಕೆಳಗೆ ಸರಿಯುತ್ತದೆ. ಅದಕ್ಕೇ ಅವರು ಆಳಕ್ಕೆ ಹಾಕಿ ಅನ್ನುತ್ತಾರೆ. ಮರಲ್‌ನ ತಲೆಯೊಳಗೆ ಕಿವಿರಿನ ಮೇಲ್ಗಡೆ ಗಾಳಿ ತುಂಬಿಕೊಳ್ಳುವ ಒಂದು ಕೋಣೆ ಇದೆ. ಅದು ಮೇಲೆ ಬಂದು ಬಾಯಿಂದ ಗಾಳಿ ಗುಟುಕರಿಸಲೇಬೇಕು. ನೀರೊಳಗೇ ಬಲೆಗೆ ಸಿಕ್ಕಿಕೊಂಡು ಮೇಲೆ ಬರಲಾಗದಿದ್ದರೆ ಉಸಿರುಗಟ್ಟಿ ಸಾಯುತ್ತದೆ, ಮೀನಾಗಿಯೂ ನೀರಿನಲ್ಲಿ ಮುಳುಗಿ ಸಾಯುತ್ತದೆ. ಪದೇ ಪದೇ ಮೇಲೆ ಬರಬೇಕಾದ ಜೀವಿ ಆಳದಲ್ಲಿ ಕೂತರೆ ದುಡಿಮೆ ಹೆಚ್ಚು, ಲಾಭ ಕಡಿಮೆ. ಕುಚ್ಚಿನ ಮರಲ್, ಅಂದರೆ ನಮ್ಮಲ್ಲಿ ಹೆಚ್ಚಾಗಿ ಸಿಗುವ ಜಾತಿ, ತೆಲಂಗಾಣದವರು ಕೊರ್ರಮೀನು ಎಂದು ರಾಜ್ಯದ ಮೀನಾಗಿ ಮಾಡಿಕೊಂಡಿರುವುದು, ಮೊಣಕಾಲು ಆಳದಿಂದ ಎದೆಮಟ್ಟದ ನೀರಿನಲ್ಲಿ ಹಸಿರಿನ ಅಂಚು ಹಿಡಿದೇ ಇರುತ್ತದೆ. ನೀವು ನಡುಗೆರೆಗೆ ಒಗೆದ ಗಾಳ ಅದರ ಮನೆಯ ಮೇಲೆ ಹಾರಿಹೋಗಿ ಬಯಲಿನಲ್ಲಿ ಬೀಳುತ್ತಿದೆ.

ಬಾಸ್ ಹಿಡಿಯುವವರಿಗೆ ಇಲ್ಲದ ಒಂದು ಅನುಕೂಲ ಇದರಿಂದ ನಿಮಗಿದೆ. ಮರಲ್ ತಾನಿರುವ ಜಾಗವನ್ನು ತಾನೇ ಹೇಳುತ್ತದೆ. ಬೆಳಗಿನ ಜಾವ ಗಾಳಿ ಇಲ್ಲದಾಗ ಏರಿಯ ಮೇಲೆ ಸದ್ದಿಲ್ಲದೆ ಕೂತರೆ ಉಸಿರಿನ ಉಂಗುರಗಳು ಕಾಣುತ್ತವೆ. ಸಣ್ಣ ಮರಲ್ ‘ಚಪ್’ ಎಂದು ಥಟ್ಟನೆ ಬಂದು ಹೋಗುತ್ತದೆ. ದೊಡ್ಡದು ಅವಸರ ಮಾಡುವುದಿಲ್ಲ. ನೀರು ಮೊದಲು ಕೊಂಚ ಉಬ್ಬುತ್ತದೆ, ಒಂದು ಮಂದವಾದ ‘ಗುಳುಂ’, ಆಮೇಲೆ ಅಗಲವಾದ ಉಂಗುರ ನಿಧಾನ ಹರಡುತ್ತದೆ, ಹಿಂದೆ ನಾಲ್ಕಾರು ಗುಳ್ಳೆ. ನಾನು ಕಂಡಂತೆ ಅದೇ ಮೀನು ತಂಪಿನಲ್ಲಿ ಹದಿನೈದು-ಇಪ್ಪತ್ತು ನಿಮಿಷಕ್ಕೆ, ಬಿಸಿ ನೀರಿನಲ್ಲಿ ಇನ್ನೂ ಬೇಗ, ಬಹುತೇಕ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಎರಡು ಮೂರು ರವಿವಾರ ಒಂದೇ ಜಾಗದಲ್ಲಿ ದೊಡ್ಡ ಉಂಗುರ ಕಂಡರೆ ಅದು ಅದರ ಮನೆ. ದೊಡ್ಡ ಮೀನು ಒಳ್ಳೆಯ ಜಾಗ ಹಿಡಿದರೆ ಸಣ್ಣವನ್ನು ಹತ್ತಿರ ಬಿಡುವುದಿಲ್ಲ, ಬಂದರೆ ತಿಂದುಬಿಡುತ್ತದೆ, ತನ್ನದೇ ಜಾತಿಯಾದರೂ ಸರಿ. ಚಪ್ ಚಪ್ ಸದ್ದು ತುಂಬಿದ ಮೂಲೆಯಲ್ಲಿ ನಿಮಗೆ ಅರ್ಧ ಕಿಲೋದವೇ ಸಿಗುವುದು. ಸುತ್ತ ಮೌನವಾಗಿದ್ದು ಒಂದೇ ಒಂದು ಗುಳುಂ ಕೇಳುವ ಮೂಲೆಯನ್ನು ಹುಡುಕಿ.

ಊರ ಕೆರೆಯಲ್ಲಿ ಅಂಥ ಮೂಲೆ ಸಾಮಾನ್ಯವಾಗಿ ಹಳ್ಳ ಬಂದು ಸೇರುವ ಬಾಯಿ, ಕೋಡಿಯ ಬಳಿ ಕಲ್ಲು ಕುಸಿದ ಸಂದು, ಜೊಂಡು ಮುಗಿದು ತೆರೆದ ನೀರು ಶುರುವಾಗುವ ಗೆರೆಯಲ್ಲಿ ಒಳಕ್ಕೆ ಚಾಚಿದ ಕೊಲ್ಲಿ. ಬಟ್ಟೆ ಒಗೆಯುವ, ದಾರಿಗೆ ಹತ್ತಿರದ ತೂಬಿನ ಕಡೆ ಎಲ್ಲರೂ ಗಾಳ ಹಾಕುತ್ತಾರೆ, ನೀವೂ ಅಲ್ಲೇ ಹಾಕಿರುತ್ತೀರಿ. ನೆಲದ ಅದುರನ್ನು ಮೀನು ಬೇಗ ಗುರುತಿಸುತ್ತದೆ. ಇಬ್ಬರು ಮಾತಾಡುತ್ತಾ ದಂಡೆಗೆ ನಡೆದು ಬಂದರೆ ಸಣ್ಣದು ಹೆದರಿ ಎರಡು ನಿಮಿಷಕ್ಕೆ ಮರೆಯುತ್ತದೆ, ದೊಡ್ಡದು ಅರ್ಧ ಗಂಟೆ ಮರೆಯುವುದಿಲ್ಲ. ಅದು ಅಷ್ಟು ವರ್ಷ ಬದುಕಿದ್ದು ಈ ಗುಣದಿಂದಲೇ. ಉಂಗುರ ಎದ್ದ ಜಾಗದ ಮೇಲೇ ಕಪ್ಪೆ ಬೀಳಿಸಬೇಡಿ. ಒಂದೂವರೆ ಗಜ ಆಚೆ ಬೀಳಿಸಿ, ಅಲೆ ಅಡಗಲು ಬಿಟ್ಟು, ನಿಧಾನ ಎಳೆಯಿರಿ. ನೀರು ಸಿಡಿದ ಕೂಡಲೇ ರಾಡ್ ಜಗ್ಗಿದರೆ ಬಾಯಿಂದ ಕಿತ್ತು ಬರುತ್ತದೆ. ಕಪ್ಪೆ ಮುಳುಗಿ ದಾರ ಬಿಗಿಯಾದ ಮೇಲೆ ಜಗ್ಗಿ. ಜೊಂಡಿನೊಳಗಿನ ಮೂರು ಕಿಲೋದ ಮೀನಿಗೆ ತೆಳು ನೈಲಾನ್ ದಾರ ಸಾಲದು, ದಪ್ಪ ಹೆಣೆದ ದಾರ ಬೇಕು. ಇಲ್ಲದಿದ್ದರೆ ದಾರ ಹರಿದು, ಬಾಯಲ್ಲಿ ಕೊಕ್ಕೆ ಹೊತ್ತ ಮೀನು ಒಳಗೇ ನರಳಿ ಸಾಯುತ್ತದೆ. ಜೀವಂತ ಕಪ್ಪೆ ಸಿಕ್ಕಿಸುವ ರೂಢಿ ನನಗೆ ಒಪ್ಪಿಗೆ ಇಲ್ಲ. ರಬ್ಬರ್ ಚೆನ್ನಾಗಿ ಕೆಲಸ ಮಾಡುವಾಗ ಅದರ ಅಗತ್ಯವೇ ಇಲ್ಲ.

ಕಾಲದ ವಿಷಯ. ಎಳ್ಳ ಅಮಾವಾಸ್ಯೆಯ ಸುಮಾರಿಗೆ ನೀರು ತಣ್ಣಗಾಗಿ ಮರಲ್ ಮಂದವಾಗುತ್ತದೆ, ಬೀದರ ಕಡೆ ಇನ್ನೂ ಹೆಚ್ಚು. ಆಗ ಬೆಳಗಿನ ಜಾವ ಚಳಿಯಲ್ಲಿ ನಡುಗುವುದಕ್ಕಿಂತ ಹತ್ತು ಗಂಟೆಯ ಬಿಸಿಲಿನಲ್ಲಿ ಹೋಗಿ. ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ನಸುಕಿನ ಒಂದು ಗಂಟೆ, ಸಂಜೆಯ ಒಂದು ಗಂಟೆ ಬಿಟ್ಟು ಉಳಿದದ್ದು ನಿಮ್ಮ ಮೈಗೂ ಒಳ್ಳೆಯದಲ್ಲ. ಕೆರೆ ಇಳಿದಾಗ ಮೀನು ಸಣ್ಣ ಜಾಗಕ್ಕೆ ಕೂಡಿರುತ್ತದೆ, ಹಿಡಿಯುವುದು ಸುಲಭ. ಆದರೆ ಒಂದೇ ವಾರದಲ್ಲಿ ಕೆರೆಯ ಎಲ್ಲ ಹಿರಿಯ ಮೀನು ಖಾಲಿಯಾಗುವುದೂ ಆಗಲೇ. ಅಮಾವಾಸ್ಯೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕತ್ತಲ ರಾತ್ರಿ ದಂಡೆಗೆ ಬಂದು ಬೇಟೆಯಾಡುವುದು ನಿಜ, ಆದರೆ ಹುಲ್ಲು-ಕಲ್ಲಿನ ದಂಡೆಯಲ್ಲಿ ಹಾವಿನ ಮೇಲೆ ಕಾಲಿಡುವ ಅಪಾಯಕ್ಕೆ ಅದು ತೂಗುವುದಿಲ್ಲ.

ಕೆಂಪು ಮರಿಗಳ ಮಾತು ಓದಿದಾಗ ನನಗೆ ಸಂಕಟವಾಯಿತು, ಯಾಕೆಂದರೆ ಆ ಸಲಹೆ ಕೆಲಸ ಮಾಡುತ್ತದೆ. ಮಳೆ ಬಿದ್ದು ಕೆರೆಗೆ ಹೊಸ ನೀರು ಬಂದಾಗ ಮರಲ್ ಜೋಡಿ ಹುಲ್ಲು ಸರಿಸಿ ಗೂಡು ಮಾಡಿ ಮೊಟ್ಟೆ ಇಡುತ್ತದೆ. ಮರಿಗಳು ಕೇಸರಿ-ಕೆಂಪು ಬಣ್ಣದ ಚೆಂಡಿನಂತೆ ಗುಂಪಾಗಿ ಮೇಲ್ನೀರಿನಲ್ಲಿ ಕುದಿಯುತ್ತಾ ತಿರುಗುತ್ತವೆ. ಅವೂ ಗಾಳಿಗೆ ಮೇಲೆ ಬರಬೇಕಲ್ಲ. ಕೆಳಗೆ ದೊಡ್ಡದು ಕಾವಲು ನಿಂತಿರುತ್ತದೆ. ಅದು ಗಾಳಕ್ಕೆ ಬಾಯಿ ಹಾಕುವುದು ಹಸಿವಿಗಲ್ಲ, ಮರಿಗಳ ಹತ್ತಿರ ಬಂದದ್ದನ್ನು ಓಡಿಸಲು. ನಿಮಗೆ ಎರಡು ಕಿಲೋದ ಮೀನು ಸಿಗುತ್ತದೆ. ಸ್ವಲ್ಪ ಹೊತ್ತಿಗೆ ನೀರುಕಾಗೆ, ಜಿಲೇಬಿ, ಬೇರೆ ಮರಲ್‌ಗಳು ಆ ಸಾವಿರಾರು ಮರಿಗಳ ಮೇಲೆ ಬೀಳುತ್ತವೆ. ನಾನೊಮ್ಮೆ ಯುವಕನಾಗಿದ್ದಾಗ ಹಾಗೆ ಹಿಡಿದು, ದಂಡೆಯಲ್ಲಿ ನಿಂತು ಆ ಕೆಂಪು ಚೆಂಡು ಚದುರಿ ಕರಗುವುದನ್ನು ನೋಡಿದ್ದೇನೆ. ಆ ಕೆರೆಯಲ್ಲಿ ಮರುವರ್ಷ ಮರಿಗುಂಪು ಕಾಣಲಿಲ್ಲ. ಮಿರಗ, ಅಂದರೆ ಮೃಗಶಿರ ಮಳೆ, ಕೂಡಿದ ದಿನ ಮೀನು ತಿನ್ನುವ ರೂಢಿ ನಮ್ಮ ಕಡೆ ಗಟ್ಟಿಯಾಗಿದೆ, ಜೂನ್ ಮೊದಲ ವಾರ ಕಳೆದ ಕೂಡಲೇ ಮರಲ್ ದರ ಏರುತ್ತದೆ. ಅದು ಮರಲ್ ಮೊಟ್ಟೆಗೆ ಸಜ್ಜಾಗುವ ಹೊತ್ತೇ. ಆ ದಿನಕ್ಕೆ ರೋಹು, ಕಾಟ್ಲಾ ಕೊಳ್ಳಿ, ರೂಢಿ ತಪ್ಪುವುದಿಲ್ಲ. ಮಿರಗದಿಂದ ದಸರೆಯವರೆಗೆ ಮರಿಗುಂಪು ಕಂಡ ಕಡೆಯಿಂದ ಗಾಳ ಎತ್ತಿಕೊಂಡು ಬನ್ನಿ, ಮೂರು ವರ್ಷಕ್ಕೆ ನಿಮಗೆ ಬೇಕಾದ ಮೀನು ಅದೇ ಮರಿಗಳಲ್ಲಿದೆ.

ಅದೇ ಲೆಕ್ಕದಲ್ಲಿ, ಅರ್ಧದಿಂದ ಒಂದು ಕಿಲೋದವನ್ನು ತಿನ್ನಿ, ಎರಡು ಕಿಲೋ ದಾಟಿದ್ದನ್ನು ಒದ್ದೆ ಕೈಯಲ್ಲಿ ಹಿಡಿದು, ಫೋಟೋ ತೆಗೆದು ಬಿಡಿ. ಅಮೆರಿಕದ ಎಷ್ಟೋ ಬಾಸ್ ಕೆರೆಗಳಲ್ಲಿ ಇಂಥ ಅಳತೆಯ ನಿಯಮವೇ ಇದೆ. ನಮ್ಮಲ್ಲಿ ಎಲ್ಲರೂ ಬಿಡುವುದಿಲ್ಲ, ನೀವು ಬಿಟ್ಟದ್ದನ್ನು ನಾಳೆ ಇನ್ನೊಬ್ಬರು ಹಿಡಿಯಬಹುದು. ಆ ನಷ್ಟ ಇದ್ದೇ ಇದೆ.

ಗಣಿಯ ನೀರು ಬೇರೆಯೇ ಕಥೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಫರ್ಸಿ ಗಣಿಗಳಲ್ಲಿ ಗೋಡೆ ನೇರ ಇಳಿಯುತ್ತದೆ, ದಂಡೆಯಲ್ಲಿ ಹಸಿರಿಲ್ಲ, ನೀರು ತಿಳಿ. ಕುಚ್ಚಿನ ಮರಲ್‌ಗೆ ಅದು ಒಗ್ಗದು. ಆದರೆ ಕಾಗಿಣಾ ಅಥವಾ ಹಳ್ಳದ ನೆರೆ ಎಂದಾದರೂ ಗಣಿಗೆ ನುಗ್ಗಿದ್ದರೆ ಹೂವಿನ ಮರಲ್ ಸೇರಿರಬಹುದು. ಮೈಮೇಲೆ ಮುತ್ತು ಚೆಲ್ಲಿದಂಥ ಬಿಳಿ ಚುಕ್ಕೆ, ಎಳೆಯದರ ಬಾಲದ ಬುಡದಲ್ಲಿ ಕಣ್ಣಿನಂಥ ಕರಿ ಬೊಟ್ಟು. ಅದು ತಿಳಿನೀರು, ಕಲ್ಲು ಸಂದು ಇಷ್ಟಪಡುತ್ತದೆ, ಕುಚ್ಚಿನದಕ್ಕಿಂತ ಎಷ್ಟೋ ದೊಡ್ಡದಾಗುತ್ತದೆ. ಗಣಿಯಲ್ಲಿ ಮೆಟ್ಟಿಲಿನಂತೆ ಕಲ್ಲು ಕತ್ತರಿಸಿ ಬಿಟ್ಟ ಹಂತಗಳಿರುತ್ತವೆ, ಒಂದಾಳು ಆಳದ ಹಂತದ ಅಂಚಿನಲ್ಲಿ ನೋಡಿ. ಆದರೆ ಇದನ್ನು ನಾನು ಮನಸಿಲ್ಲದ ಮನಸಿನಿಂದ ಬರೆಯುತ್ತಿದ್ದೇನೆ. ಗಣಿ ಹೊಂಡಕ್ಕೆ ಜಾರಿ ಬಿದ್ದವರಿಗೆ ಹತ್ತಿ ಬರಲು ಹಿಡಿ ಸಿಗುವುದಿಲ್ಲ, ಈಜು ಬಂದರೂ. ಒಬ್ಬರೇ ಹೋಗಬೇಡಿ, ಮೇಲೆ ಗಟ್ಟಿ ಗೂಟಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟಿರಿ, ಮಳೆಯಲ್ಲಿ ಅಂಚಿನ ಹತ್ತಿರ ನಿಲ್ಲಲೇಬೇಡಿ. ಯಾದಗಿರಿ ಕಡೆಯ ಓದುಗರು ಕೃಷ್ಣೆಯ ದಂಡೆಯಲ್ಲಿ ಮೊಸಳೆ ಇರುವುದನ್ನು ಮರೆಯಬಾರದು, ಬೋನಾಳದಂಥ ಪಕ್ಷಿಗಳ ಕೆರೆಗೆ ಗಾಳ ಒಯ್ಯಬಾರದು.

ಕೃಷಿ ಹೊಂಡ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಹುಲ್ಲಿಲ್ಲ, ಆಸರೆ ಇಲ್ಲ, ಮರಲ್ ಮಳೆಯ ರಾತ್ರಿ ಹಾರಿ, ತೆವಳಿ ಹೊಲಕ್ಕೆ ಹೋಗಿಬಿಡುತ್ತದೆ. ಸುತ್ತ ಬಲೆ ಕಟ್ಟಿ, ಮಾಂಸಾಹಾರ ಹಾಕಿ ಸಾಕುವವರಿದ್ದಾರೆ, ಅದು ಖರ್ಚಿನ ಕಸುಬು. ಒಂದೇ ಸಮ ಬೆಳೆಯದಿದ್ದರೆ ದೊಡ್ಡವು ಸಣ್ಣವನ್ನು ತಿಂದು ಎಣಿಕೆ ಅರ್ಧಕ್ಕಿಳಿಯುತ್ತದೆ. ನಿಮಗೆ ಕಾಟ್ಲಾ, ರೋಹು ಸಲೀಸು. ಎಕರೆ ನೀರಿಗೆ 2000 ಮರಿ ಬಿಡುವುದು ರೂಢಿ. 21 ಮೀಟರ್ ಚೌಕದ ಹೊಂಡ ನಾಲ್ಕೂಕಾಲು ಗುಂಟೆಯ ಸುಮಾರು, ಲೆಕ್ಕಕ್ಕೆ ಇನ್ನೂರು ಮರಿ. ದೊಡ್ಡದೇ ಬೇಕಾದರೆ ಎಂಬತ್ತು ಬಿಡಿ. ಒಟ್ಟು ತೂಕ ಕಡಿಮೆ ಬರುತ್ತದೆ, ಒಂದೊಂದು ಮೀನು ದಪ್ಪ ಬರುತ್ತದೆ. ಹಿಂಗಾರಿಗೆ ನೀರು ಹಾಯಿಸಿ ಹೊಂಡ ಖಾಲಿ ಮಾಡುವುದಾದರೆ ದೊಡ್ಡ ಮೀನಿನ ಆಸೆ ಬಿಡಬೇಕು. ಬೇಗ ಬೆಳೆಯುತ್ತದೆಂದು ಆಫ್ರಿಕನ್ ಕ್ಯಾಟ್‌ಫಿಶ್ ಮರಿ ತಂದುಕೊಡುವವರು ಬರುತ್ತಾರೆ. ಅದರ ಸಾಕಣೆ ನಿಷೇಧವಾಗಿದೆ. ಹೊಂಡ ತುಂಬಿ ಹರಿದರೆ ನಿಮ್ಮೂರ ಕೆರೆಗೇ ಸೇರಿ ಮರಲ್ ಸಂತತಿಯನ್ನು ತಿಂದುಹಾಕುತ್ತದೆ.

ಇನ್ನೊಂದು ಮಾತು. ಊರ ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರಬಹುದು, ಪಂಚಾಯಿತಿಯಲ್ಲಿ ವಿಚಾರಿಸಿ ಗುತ್ತಿಗೆದಾರರ ಒಪ್ಪಿಗೆ ಪಡೆಯಿರಿ. ಅವರು ಕಾಟ್ಲಾ ಮರಿ ಬಿಟ್ಟವರಾದರೆ ಮರಲ್ ಅವರಿಗೆ ಕಳ್ಳನಿದ್ದಂತೆ, ನೀವು ಹಿಡಿದರೆ ಸಂತೋಷವೇ ಪಡುತ್ತಾರೆ. ಹೊರಗಿನಿಂದ ಮರಲ್ ಮರಿ ತಂದು ಬಿಟ್ಟರೆ ಮಾತ್ರ ಜಗಳ ಖಂಡಿತ.

ಬರುವ ರವಿವಾರ ರಾಡ್ ಮನೆಯಲ್ಲೇ ಇರಲಿ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ಒಬ್ಬರು ಹಳ್ಳದ ಬಾಯಿಯ ಕಡೆ, ಒಬ್ಬರು ಕೋಡಿಯ ಕಡೆ ಕೂತು, ಎಂಟು ಗಂಟೆಯವರೆಗೆ ಎಲ್ಲಿ ಎಷ್ಟು ಹೊತ್ತಿಗೆ ಉಂಗುರ ಎದ್ದಿತು, ಚಪ್ ಅಂದಿತೋ ಗುಳುಂ ಅಂದಿತೋ ಬರೆದಿಟ್ಟುಕೊಳ್ಳಿ. ಮೂರು ವಾರ ಆದಮೇಲೆ ಕೆರೆಯ ಒಂದು ನಕ್ಷೆ ಗೀಚಿ, ಆ ಲೆಕ್ಕದ ಜೊತೆ ನನಗೆ ಕಳಿಸಿ.